ಗುಳೆ ಹೋದವರ ಗುಳಿಗೆ

ಬ್ರಿಟಿಷರ ಆಳಿಕೆಯಲ್ಲಿ ಕ್ವಿನೈನ್ ಪೊಟ್ಟಣ ಅಂಚೆ ಕಚೇರಿಯಲ್ಲಿ ಮಾರಾಟಕ್ಕೆ ಸಿಗುತ್ತಿದ್ದ ಕಾಲವೊಂದಿತ್ತು. ಕಾರ್ಡು, ಲಕೋಟೆ ಕೊಂಡ ಹಾಗೆಯೇ ಚಳಿಜ್ವರದ ಮದ್ದನ್ನೂ ಕೊಳ್ಳಬಹುದಿತ್ತು. ಕೈಯಲ್ಲಿ ಕಾಸಿದ್ದರಾಯಿತು, ಕೊಳ್ಳುವವನು ಯಾವ ಊರಿನವನು, ಎಷ್ಟು ದಿನ ಇರುತ್ತಾನೆ ಎಂದು ಪೋಸ್ಟ್ ಮಾಸ್ತರರು ಕೇಳಬೇಕಾಗಿರಲಿಲ್ಲ. ದುಡಿಮೆಗೆಂದು ಊರು ಬಿಟ್ಟವರಿಗೆ ಔಷಧ ಇಷ್ಟು ಸಲೀಸಾಗಿ ಸಿಗುವ ಏರ್ಪಾಡು ಆಮೇಲಿನ ದಿನಗಳಲ್ಲಿ ಅಪರೂಪ. ಆಸ್ಪತ್ರೆಗಳು ಬೆಳೆದವು, ವೈದ್ಯರು ಹೆಚ್ಚಿದರು, ಯೋಜನೆಗಳು ಬಂದವು. ಆದರೆ ಎಲ್ಲವೂ ಬಂದದ್ದು ಒಂದು ವಿಳಾಸ ಕೇಳಿಕೊಂಡು.

ಹಾವೇರಿ ಜಿಲ್ಲೆಯ ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳಲ್ಲಿ ಈ ವಿಳಾಸದ ತೊಡಕು ಚೆನ್ನಾಗಿ ಕಾಣುತ್ತದೆ. ಇಲ್ಲಿಯವರು ಸುಗ್ಗಿ ಮುಗಿಸಿ ಗುಳೆ ಹೋಗುವವರು. ಜೊತೆಗೆ, ಜಡ್ಡು ದೊಡ್ಡದಾದರೆ ತಮ್ಮ ತಾಲ್ಲೂಕಿನಲ್ಲಿ ಅದಕ್ಕೆ ಪರಿಹಾರ ಸಿಗುವುದಿಲ್ಲವೆಂದು ತಲೆಮಾರುಗಳಿಂದ ಬಲ್ಲವರು. ದುಡಿಯಲು ಒಂದು ದಿಕ್ಕು, ತೋರಿಸಿಕೊಳ್ಳಲು ಇನ್ನೊಂದು ದಿಕ್ಕು.

ಹಳೆಯ ದಫ್ತರಗಳಲ್ಲಿ ಈ ತಾಲ್ಲೂಕುಗಳ ಹೆಸರುಗಳೇ ಬೇರೆ. ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿ ಈಗಿನ ಶಿಗ್ಗಾವಿ ತಾಲ್ಲೂಕಿಗೆ ಬಂಕಾಪುರವೆಂದೂ ಹಿರೇಕೆರೂರಿಗೆ ಕೋಡ ತಾಲ್ಲೂಕೆಂದೂ ಹೆಸರಿತ್ತು. ಸವಣೂರು ನವಾಬರ ಪುಟ್ಟ ಸಂಸ್ಥಾನ, ವಿಸ್ತಾರ ಸುಮಾರು 70 ಚದರ ಮೈಲಿ; 1948ರಲ್ಲಿ ಅದು ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. 1956ರ ನವೆಂಬರ್ 1ರಂದು ಇಡೀ ಧಾರವಾಡ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. 1997ರಲ್ಲಿ ಆ ಜಿಲ್ಲೆಯನ್ನು ಒಡೆದು ಹಾವೇರಿ ಜಿಲ್ಲೆ ಮಾಡಿದರು. ಸರ್ಕಾರದ ಗಡಿಗಳು ಹೀಗೆ ಬದಲಾದರೂ ನೆಲದ ಇಳಿಜಾರು ಬದಲಾಗಲಿಲ್ಲ. ಹಾನಗಲ್ಲ ಶಿರಸಿಯ ಕಾಡಿಗೆ ಮುಖ ಮಾಡಿದೆ, ಹಿರೇಕೆರೂರು ಶಿಕಾರಿಪುರದ ಕಡೆಗೆ. ಶಿಗ್ಗಾವಿಯದು ಹೆದ್ದಾರಿಯ ಮೇಲೆ ಹುಬ್ಬಳ್ಳಿಯ ದಾರಿ. ಸವಣೂರಿನದು ಎರೆಭೂಮಿಯ ಕಡೆಗೆ, ಲಕ್ಷ್ಮೇಶ್ವರ ಗದಗುಗಳ ದಾರಿ. ಇಂದಿಗೂ ಜಡ್ಡಾದವರು ಹೆಚ್ಚುಕಡಿಮೆ ಇದೇ ದಾರಿಗಳನ್ನು ಹಿಡಿಯುತ್ತಾರೆ.

ಬಯಲುಸೀಮೆಯ ಕೂಲಿಕಾರರಿಗೆ ಮೊದಲ ಗುಳೆ ಮಲೆನಾಡಿನದು. ಭತ್ತದ ಕೊಯ್ಲು, ಅಡಿಕೆ ಕೊನೆ, ಕಾಡಿನ ಕೂಪು ಹೀಗೆ ಘಟ್ಟದ ಅಂಚಿನಲ್ಲಿ ಕೆಲಸಕ್ಕೆ ಬರವಿರಲಿಲ್ಲ, ಕೆಲಸಗಾರರಿಗೆ ಬರವಿತ್ತು. ಅಲ್ಲಿ ಆಳುಗಳು ಕಡಿಮೆಯಾಗಲು ಮುಖ್ಯ ಕಾರಣವೇ ಜ್ವರ. ಮಲೆನಾಡಿನ ತೊರೆಗಳ ತಿಳಿನೀರಿನಲ್ಲಿ ಹುಟ್ಟುವ ಸೊಳ್ಳೆ ಊರಿಗೆ ಊರನ್ನೇ ಮಲಗಿಸುತ್ತಿತ್ತು. ಅಲ್ಲೇ ಹುಟ್ಟಿ ಬೆಳೆದವರಿಗೆ ಚಿಕ್ಕಂದಿನಿಂದ ಜ್ವರ ಬಂದು ಬಂದು ಮೈಗೆ ಒಂದಷ್ಟು ತಡೆಯುವ ಶಕ್ತಿ ಬಂದಿರುತ್ತಿತ್ತು. ಬಯಲಿನಿಂದ ಹೋದವರಿಗೆ ಅದಿರಲಿಲ್ಲ. ಕೊಯ್ಲು ಮುಗಿಸಿ ಮರಳುವಾಗ ಕೂಲಿಯ ಭತ್ತದ ಜೊತೆಗೆ ಚಳಿಜ್ವರವೂ ಮನೆಗೆ ಬರುತ್ತಿತ್ತು. ಬಂದದ್ದು ಒಂದೇ ಸಲಕ್ಕೆ ಹೋಗುತ್ತಲೂ ಇರಲಿಲ್ಲ. ತಿಂಗಳುಗಟ್ಟಲೆ ಬಿಟ್ಟು ಬಿಟ್ಟು ಬರುವುದು, ಗುಲ್ಮ ಊದಿ ಹೊಟ್ಟೆಯ ಎಡಭಾಗ ಗಟ್ಟಿಯಾಗುವುದು, ರಕ್ತ ಸೋತು ಮುಖ ಬಿಳುಚುವುದು. ಇಂದು ದೀರ್ಘಕಾಲದ ಕಾಯಿಲೆ ಎಂದರೆ ಸಕ್ಕರೆ, ರಕ್ತದೊತ್ತಡ ನೆನಪಾಗುತ್ತವೆ. ಆ ಕಾಲದ ಗುಳೆಯವರಿಗೆ ದೀರ್ಘಕಾಲದ ಕಾಯಿಲೆ ಎಂದರೆ ಮಲೇರಿಯಾ.

ಸರ್ಕಾರ ಈ ಜ್ವರದ ಬೆನ್ನು ಹತ್ತಿದ ಕಥೆಯಲ್ಲಿ ಧಾರವಾಡಕ್ಕೆ ವಿಶೇಷ ಸ್ಥಾನವಿದೆ. 1940ರ ದಶಕದಲ್ಲಿ ಮುಂಬಯಿ ಪ್ರಾಂತದ ಮಲೇರಿಯಾ ವಿಭಾಗದ ಡಾ. ಡಿ.ಕೆ. ವಿಶ್ವನಾಥನ್ ಧಾರವಾಡ ಮತ್ತು ಉತ್ತರ ಕನ್ನಡ ಜಿಲ್ಲೆಗಳ ಹಳ್ಳಿಗಳಲ್ಲಿ ಕೆಲಸ ಮಾಡಿದರು. ಮಹಾಯುದ್ಧ ಮುಗಿದೊಡನೆ ಸೇನೆಯಿಂದ ನಾಗರಿಕರ ಬಳಕೆಗೆ ಬಿಡುಗಡೆಯಾದ ಡಿಡಿಟಿಯನ್ನು ಈ ಎರಡು ಜಿಲ್ಲೆಗಳ ಮನೆಗೋಡೆಗಳಿಗೆ ಹೊಡೆಸಿ ಫಲ ನೋಡಿದರು. ಭಾರತದಲ್ಲಿ ಡಿಡಿಟಿಯನ್ನು ದೊಡ್ಡ ಪ್ರಮಾಣದಲ್ಲಿ ಮನೆಗಳಿಗೆ ಬಳಸಿದ ಮೊದಲ ಪ್ರಯೋಗಗಳಲ್ಲಿ ಇದೂ ಒಂದು. ಜ್ವರ ಇಳಿಯಿತು. 1953ರಲ್ಲಿ ಆರಂಭವಾದ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮಕ್ಕೆ ಈ ಅನುಭವ ಒದಗಿತು.

ಈ ಕೆಲಸ ಗುಳೆಯವರಿಗೂ ಫಲಿಸಿದ್ದು ಏಕೆಂದು ಗಮನಿಸಬೇಕು. ಔಷಧ ಹೊಡೆದದ್ದು ಗೋಡೆಗೆ. ಆ ಗೋಡೆಯ ಪಕ್ಕ ಮಲಗುವವನು ಮನೆಯ ಯಜಮಾನನೋ ಹಂಗಾಮಿನ ಆಳೋ ಎಂಬ ಲೆಕ್ಕ ಬೇಕಾಗಿರಲಿಲ್ಲ.

ಇದಕ್ಕೆ ಮೊದಲೂ ಆಮೇಲೂ ವಾಸಿಯಾಗದ ಜಡ್ಡಿಗೆ ಜನ ಕಂಡುಕೊಂಡಿದ್ದ ಇನ್ನೊಂದು ಏರ್ಪಾಡು ಜಾತ್ರೆ, ಉರುಸು, ನಾಟಿ ವೈದ್ಯ. ಬೆಣ್ಣಿಹಳ್ಳ ಶಿಗ್ಗಾವಿ ಸೀಮೆಯಲ್ಲಿ ಹುಟ್ಟಿ ನವಲಗುಂದದ ಕಡೆ ಹರಿಯುತ್ತದೆ. ಅದೇ ಹಳ್ಳದ ದಂಡೆಯ ಯಮನೂರಿನಲ್ಲಿ ರಾಜಾಬಾಗಸವಾರರ ಉರುಸಿನ ಹೊತ್ತಿಗೆ ಮಿಂದರೆ ಚರ್ಮರೋಗ ಹೋಗುತ್ತದೆಂಬ ನಂಬಿಕೆಯಿಂದ ಜಾತಿ ಮತ ನೋಡದೆ ಜನ ಸೇರುತ್ತಾರೆ. ಹಿರೇಕೆರೂರಿನ ಕಡೆಯವರಿಗೆ ಶಿಕಾರಿಪುರ ದಾಟಿದರೆ ಆನಂದಪುರ ಸಮೀಪದ ನರಸೀಪುರ. ಅಲ್ಲಿನ ನಾಟಿ ವೈದ್ಯ ನಾರಾಯಣಮೂರ್ತಿಯವರು ತೊಗಟೆ ಬೇರುಗಳ ಮದ್ದು ಕೊಡುತ್ತಿದ್ದರು. ಕ್ಯಾನ್ಸರ್ ರೋಗಿಗಳ ಕಡೆಯವರು ಹಿಂದಿನ ರಾತ್ರಿಯಿಂದಲೇ ಅಲ್ಲಿ ಪಾಳಿ ಹಚ್ಚುತ್ತಿದ್ದರು. ದೇಶದ ನಾನಾ ಕಡೆಯ ವಾಹನಗಳು ಆ ಹಳ್ಳಿಯಲ್ಲಿ ನಿಂತಿರುತ್ತಿದ್ದವು. 2020ರಲ್ಲಿ ಅವರು ತೀರಿಕೊಂಡರು. ಆ ಮದ್ದಿನಿಂದ ಎಷ್ಟು ಗುಣವಾಯಿತು ಎಂಬುದು ಬೇರೆ ವಿಚಾರ. ಅಲ್ಲಿ ರೋಗಿಯೇ ಬರಬೇಕೆಂದಿರಲಿಲ್ಲ, ಕಾರ್ಡು ಬೇಕಿರಲಿಲ್ಲ, ಹಲವು ದಿನಗಳಿಗಾಗುವಷ್ಟು ಮದ್ದು ಒಮ್ಮೆಗೇ ಸಿಗುತ್ತಿತ್ತು. ದುಡಿಯಲು ದೂರ ಹೋದವನ ಪರವಾಗಿ ಅಣ್ಣನೋ ಅಳಿಯನೋ ಬಂದು ಒಯ್ಯಬಹುದಿತ್ತು. ಆಸ್ಪತ್ರೆಗಳು ಈ ಅನುಕೂಲವನ್ನು ಪೂರ್ತಿಯಾಗಿ ಕಲಿತಿಲ್ಲ.

ಆಧುನಿಕ ವೈದ್ಯ ಈ ಸೀಮೆಯನ್ನು ತಲುಪಿದ್ದು ರೈಲು ಮತ್ತು ಮಿಷನರಿಗಳ ಮೂಲಕ. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆಯ ಹಳಿ ಹುಬ್ಬಳ್ಳಿಯಿಂದ ಹಾವೇರಿಯ ಮೇಲೆ ಹಾಯ್ದು ಹರಿಹರ ಮುಟ್ಟಿತು. ಹಾನಗಲ್ಲ, ಹಿರೇಕೆರೂರು ಪಟ್ಟಣಗಳನ್ನು ಅದು ತಾಕಲಿಲ್ಲ. ಅಲ್ಲಿಯವರು ಚಕ್ಕಡಿ ಕಟ್ಟಿಕೊಂಡು ಹಾವೇರಿ ಇಲ್ಲವೇ ರಾಣೇಬೆನ್ನೂರಿನ ಸ್ಟೇಷನ್ನಿಗೆ ಬರಬೇಕಿತ್ತು. ಅಲ್ಲಿಂದ ಎರಡು ಊರುಗಳ ದಾರಿ ತೆರೆಯಿತು. ಒಂದು ಗದಗ-ಬೆಟಗೇರಿ. ಬಾಸೆಲ್ ಮಿಷನ್ನಿನವರು 1837ರಲ್ಲಿ ಧಾರವಾಡಕ್ಕೆ ಬಂದು, ಹುಬ್ಬಳ್ಳಿಯಲ್ಲಿ ಬೀಡುಬಿಟ್ಟು, 1841ರ ಹೊತ್ತಿಗೆ ಬೆಟಗೇರಿ ತಲುಪಿದ್ದರು. 20ನೆಯ ಶತಮಾನದ ಆರಂಭದಲ್ಲಿ ಅಲ್ಲಿ ಅವರು ತೆರೆದ ಆಸ್ಪತ್ರೆ ಜನರ ಬಾಯಲ್ಲಿ ಜರ್ಮನ್ ದವಾಖಾನೆಯಾಯಿತು. 1914ರ ಮಹಾಯುದ್ಧದಲ್ಲಿ ಜರ್ಮನ್ ಮಿಷನರಿಗಳನ್ನು ಬ್ರಿಟಿಷ್ ಸರ್ಕಾರ ಕೆಲಸ ಬಿಡಿಸಿ ಕೂಡಿಹಾಕಿತು. ಜರ್ಮನರು ಹೋದರೂ ಹೆಸರು ಹೋಗಲಿಲ್ಲ.

ಇನ್ನೊಂದು ಮೀರಜ್. ಕೆನಡಾದಲ್ಲಿ ಹುಟ್ಟಿದ ವೈದ್ಯ ವಿಲಿಯಂ ವಾನ್ಲೆಸ್ 1894ರಲ್ಲಿ ಅಲ್ಲಿ ಆಸ್ಪತ್ರೆ ತೆರೆದರು. ಕಣ್ಣಿನ ಪೊರೆ, ಹೊಟ್ಟೆಯ ಗಡ್ಡೆ, ಮೂತ್ರಕೋಶದ ಕಲ್ಲು, ಹೀಗೆ ಶಸ್ತ್ರಕ್ರಿಯೆ ಬೇಕಾದ ಜಡ್ಡುಗಳಿಗೆ ಬೆಳಗಾವಿ, ವಿಜಾಪುರ, ಧಾರವಾಡ ಜಿಲ್ಲೆಗಳವರು ಮೀರಜಿನ ಗಾಡಿ ಹತ್ತುವುದು ವಾಡಿಕೆಯಾಯಿತು. ಮುಂದೆ ಆ ಊರಿನಲ್ಲಿ ಕ್ಷಯದ ಸ್ಯಾನಟೋರಿಯಂ ಬಂತು, ಕುಷ್ಠರೋಗಿಗಳಿಗಾಗಿ ರಿಚರ್ಡ್‌ಸನ್ ಆಸ್ಪತ್ರೆ ಬಂತು. ಮಾತು ಮರಾಠಿಯಾದರೂ ಊರು ಜಂಕ್ಷನ್. ದುಡಿಯಲು ಪುಣೆ ಮುಂಬಯಿಗೆ ಹೋಗಿದ್ದವರಿಗೂ ಅದು ನಡುದಾರಿಯಲ್ಲಿ ಸಿಗುತ್ತಿತ್ತು. ಗುಳೆಯ ದಾರಿ, ದವಾಖಾನೆಯ ದಾರಿ ಎರಡೂ ಒಂದೇ ಆಗಿದ್ದ ಅಪರೂಪದ ಸಂದರ್ಭ ಇದು.

ಕ್ಷಯದ ಕಥೆ ಮಾತ್ರ ಕಹಿಯಾದದ್ದು. ಸ್ಯಾನಟೋರಿಯಮ್ಮಿನಲ್ಲಿ ವರ್ಷಗಟ್ಟಲೆ ಇರುವುದು ಉಳ್ಳವರಿಗೆ ಸರಿ, ದುಡಿದು ತಿನ್ನುವವರಿಗಲ್ಲ. 1956ರಲ್ಲಿ ಮದ್ರಾಸಿನಲ್ಲಿ ಶುರುವಾದ ಕ್ಷಯ ಚಿಕಿತ್ಸಾ ಕೇಂದ್ರದ ಅಧ್ಯಯನ ಈ ಗಂಟು ಬಿಡಿಸಿತು. ಮನೆಯಲ್ಲೇ ಇದ್ದು ಗುಳಿಗೆ ನುಂಗಿದರೂ ಸ್ಯಾನಟೋರಿಯಂನಷ್ಟೇ ಗುಣ ಕಾಣುತ್ತದೆಂದು ಅದು ತೋರಿಸಿಕೊಟ್ಟಿತು. 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಆರಂಭವಾಯಿತು. ಆ ಸಂಸ್ಥೆಯ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ವಿಚಾರಿಸಿ 1963ರಲ್ಲಿ ಪ್ರಕಟಿಸಿದ ಅಧ್ಯಯನ ಇಂದಿಗೂ ಓದಬೇಕಾದದ್ದು. ಹಳ್ಳಿಯವರಿಗೆ ತಿಳಿವಳಿಕೆ ಇಲ್ಲ, ಅದಕ್ಕೇ ದವಾಖಾನೆಗೆ ಬರುವುದಿಲ್ಲ ಎಂಬ ಮಾತನ್ನು ಅದು ತಲೆಕೆಳಗು ಮಾಡಿತು. ಕ್ಷಯವಿದ್ದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಆಗಲೇ ಸರ್ಕಾರಿ ದವಾಖಾನೆಯ ಬಾಗಿಲಿಗೆ ಹೋಗಿ ಬಂದಿದ್ದರು. ಅಲ್ಲಿ ಬಹುತೇಕರಿಗೆ ಸಿಕ್ಕಿದ್ದು ಕೆಮ್ಮಿನ ಔಷಧದ ಸೀಸೆ.

ಮನೆಯಲ್ಲೇ ಚಿಕಿತ್ಸೆ ಎಂಬ ಸೂತ್ರಕ್ಕೆ ಒಂದು ಮನೆಯಂತೂ ಬೇಕು. 1997ರಿಂದ ದೇಶದಲ್ಲಿ ಹರಡಿದ ಡಾಟ್ಸ್ ಪದ್ಧತಿಯಲ್ಲಿ ಪ್ರತಿ ರೋಗಿಗೂ ಒಂದು ರಟ್ಟಿನ ಪೆಟ್ಟಿಗೆ. ಪೂರ್ತಿ ಚಿಕಿತ್ಸೆಯ ಗುಳಿಗೆಗಳು ಅದರೊಳಗೆ, ಹೊರಗೆ ರೋಗಿಯ ಹೆಸರು. ಒಬ್ಬರ ಗುಳಿಗೆ ಇನ್ನೊಬ್ಬರಿಗೆ ಹೋಗದು, ನಡುವೆ ದಾಸ್ತಾನು ಮುಗಿಯದು ಎಂಬ ಒಳ್ಳೆಯ ಉದ್ದೇಶ ಅದರ ಹಿಂದಿತ್ತು. ವಾರಕ್ಕೆ ಮೂರು ದಿನ ಕೇಂದ್ರಕ್ಕೆ ಬಂದು ಕಾರ್ಯಕರ್ತೆಯ ಕಣ್ಣೆದುರೇ ನುಂಗಬೇಕಿತ್ತು. ಆ ಕಾಲದಲ್ಲಿ ದೀಪಾವಳಿ ಕಳೆದು ಗೋವಿನಜೋಳ ಒಕ್ಕಣೆ ಮುಗಿದ ಹಾನಗಲ್ಲಿನ ಒಂದು ಹಳ್ಳಿಯನ್ನು ಊಹಿಸಿಕೊಳ್ಳಿ. ಗುತ್ತಿಗೆದಾರನಿಂದ ಮುಂಗಡ ಪಡೆದ ಕುಟುಂಬ ಗಂಟುಮೂಟೆ ಕಟ್ಟುತ್ತದೆ. ಕೆಮ್ಮು ನಿಂತಿದೆ, ಮೈ ತುಂಬಿಕೊಳ್ಳುತ್ತಿದೆ, ಹೊರಡಲು ಅಡ್ಡಿಯೇನೂ ಕಾಣುವುದಿಲ್ಲ. ಪೆಟ್ಟಿಗೆ ಉಪಕೇಂದ್ರದ ಅಲಮಾರಿನಲ್ಲಿ ಉಳಿಯುತ್ತದೆ. ವರ್ಗಾವಣೆ ಪತ್ರ ಬರೆಸಿಕೊಂಡು ಹೋದರೆ ಅಲ್ಲಿಯೂ ಔಷಧ ಸಿಗುತ್ತಿತ್ತು ಎಂಬುದು ನಿಜ. ಬರೆಸಬೇಕಾದರೆ ಹೋಗುವ ಜಾಗದ ಹೆಸರು ಹೇಳಬೇಕು. ಅದು ಬಹಳಷ್ಟು ಸಲ ಗುತ್ತಿಗೆದಾರನಿಗೆ ಮಾತ್ರ ಗೊತ್ತಿರುತ್ತದೆ, ಕೆಲವು ಸಲ ಅವನಿಗೂ ಗೊತ್ತಿರುವುದಿಲ್ಲ. ಈಗ ಕ್ಷಯರೋಗಿಗಳ ದಾಖಲಾತಿಯ ನಿಕ್ಷಯ್ ವ್ಯವಸ್ಥೆಯಲ್ಲಿ ಪ್ರತಿ ರೋಗಿಗೂ ದೇಶಕ್ಕೆಲ್ಲ ಒಂದೇ ಗುರುತಿನ ಸಂಖ್ಯೆ ಇರುವುದರಿಂದ ಈ ತೊಡಕು ಒಂದಿಷ್ಟು ಸಡಿಲಗೊಂಡಿದೆ.

1957ರಲ್ಲಿ ಹುಬ್ಬಳ್ಳಿಯಲ್ಲಿ ಕರ್ನಾಟಕ ಮೆಡಿಕಲ್ ಕಾಲೇಜು ತೆರೆದದ್ದು ಈ ನಾಲ್ಕೂ ತಾಲ್ಲೂಕುಗಳ ದಿಕ್ಕನ್ನೇ ಬದಲಿಸಿತು. ಏಕೀಕರಣವಾಗಿ ಒಂದು ವರ್ಷವೂ ಕಳೆದಿರಲಿಲ್ಲ. ಮೀರಜ್ ಈಗ ಬೇರೆ ರಾಜ್ಯ. 1990ರ ದಶಕದಲ್ಲಿ ಸ್ವಾಯತ್ತವಾಗಿ ಕಿಮ್ಸ್ ಎಂಬ ಹೆಸರು ಪಡೆದ ಈ ಆಸ್ಪತ್ರೆ ಬಡವರ ಕೊನೆಯ ಬಾಗಿಲು. ಹಿರೇಕೆರೂರಿನವರು ಮಾತ್ರ ದಾವಣಗೆರೆಗೂ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೂ ಹೋಗುತ್ತಾರೆ. ಹಾನಗಲ್ಲಿನವರು ಶಿರಸಿಯ ಮೇಲೆ ಮಣಿಪಾಲದ ಬಸ್ಸು ಹಿಡಿಯುತ್ತಾರೆ. ಒಂದೊಂದು ಬಸ್ಸಿನಲ್ಲೂ ಕಾಣುವ ಸಾಮಾನು ಒಂದೇ. ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಚೀಲ. ಅದರಲ್ಲಿ ಮಡಿಕೆಯ ಗೆರೆಯಲ್ಲೇ ಹರಿದ ಕೇಸ್ ಪೇಪರು, ರಕ್ತ ತಪಾಸಣೆಯ ಚೀಟಿಗಳು, ಎಕ್ಸ್-ರೇ ಲಕೋಟೆ, ಕತ್ತರಿಯಿಂದ ಕತ್ತರಿಸಿದ ಗುಳಿಗೆ ಪಟ್ಟಿಯ ತುಣುಕುಗಳು. ತುಣುಕಿನ ಮೇಲೆ ಔಷಧದ ಅರ್ಧ ಹೆಸರು ಉಳಿದಿರುತ್ತದೆ, ಇನ್ನರ್ಧ ಔಷಧದಂಗಡಿಯಲ್ಲೇ ಉಳಿದ ಪಟ್ಟಿಯ ಮೇಲೆ. ವೈದ್ಯರ ಮುಂದೆ ಈ ಚೀಲವನ್ನು ಸುರಿಯುವುದೇ ರೋಗಿ ತನ್ನ ಚರಿತ್ರೆ ಹೇಳುವ ರೀತಿ.

ಅದೇ ಹೊತ್ತಿಗೆ ಗುಳೆಯ ದಿಕ್ಕೂ ಬದಲಾಯಿತು. ಮಲೆನಾಡಿನ ಕೊಯ್ಲಿಗಿಂತ ಕರಾವಳಿಯ ಕಟ್ಟಡ ಹೆಚ್ಚು ಕೂಲಿ ಕೊಡತೊಡಗಿತು. 1961ರ ಡಿಸೆಂಬರಿನಲ್ಲಿ ಗೋವಾ ಪೋರ್ಚುಗೀಸರಿಂದ ಬಿಡುಗಡೆಯಾದ ಮೇಲೆ ಮುರಗಾಂವ ಬಂದರು, ಅದಿರಿನ ಗಣಿ, ರಸ್ತೆ, ಹೋಟೆಲು, ಮನೆಗಳ ಕೆಲಸಕ್ಕೆ ಉತ್ತರ ಕರ್ನಾಟಕದ ಕೈಗಳೇ ಬೇಕಾದವು. ವಾಸ್ಕೋದ ಬೈನಾ, ಝುವಾರಿನಗರಗಳಲ್ಲಿ ಕನ್ನಡದ ಕೇರಿಗಳು ಎದ್ದವು. ಹಾವೇರಿಯ ಮೇಲೆ ಹಾದುಹೋಗುವ ವಾಸ್ಕೋ ರೈಲು ಊರಿಗೂ ಕೇರಿಗೂ ನಡುವಿನ ದಾರಿಯಾಯಿತು. ದಕ್ಷಿಣಕ್ಕೆ ಮಂಗಳೂರು, ಉಡುಪಿ. ಉಡುಪಿಯ ಬೀಡಿನಗುಡ್ಡೆಯಲ್ಲಿ ಹಾವೇರಿ, ಗದಗ, ಬಾಗಲಕೋಟೆ, ಕೊಪ್ಪಳದ ಮಾತು ಕೇಳದ ದಿನವಿಲ್ಲ.

ಗೋವಾದಲ್ಲಿ ವೈದ್ಯಕೀಯದ ಪರಂಪರೆ ದೊಡ್ಡದು. ಪೋರ್ಚುಗೀಸರು 1842ರಲ್ಲಿ ಪಣಜಿಯಲ್ಲಿ ತೆರೆದ ವೈದ್ಯಶಾಲೆ ಏಷ್ಯಾದ ಹಳೆಯವುಗಳಲ್ಲೊಂದು. ಬಿಡುಗಡೆಯ ನಂತರ ಅದೇ ಗೋವಾ ಮೆಡಿಕಲ್ ಕಾಲೇಜಾಯಿತು. ಬಾಂಬೋಳಿಯಲ್ಲಿರುವ ಆ ಆಸ್ಪತ್ರೆಗೆ ಗೋವೆಯವರಷ್ಟೇ ಅಲ್ಲ, ಸಿಂಧುದುರ್ಗ, ಕಾರವಾರ, ಬೆಳಗಾವಿ ಕಡೆಯವರೂ, ಕನ್ನಡ ಕೂಲಿಕಾರರೂ ಹೋಗುತ್ತಿದ್ದರು. 2018ರ ಜನವರಿಯಿಂದ ಗೋವಾ ಸರ್ಕಾರ ಹೊರರಾಜ್ಯದ ರೋಗಿಗಳಿಗೆ ಶುಲ್ಕ ವಿಧಿಸತೊಡಗಿತು. ಆ ರಾಜ್ಯದ ದೀನ ದಯಾಳ ಆರೋಗ್ಯ ವಿಮೆಗೆ ಐದು ವರ್ಷದ ವಾಸ್ತವ್ಯದ ದಾಖಲೆ ಬೇಕು. ಗೋವಾದ ಕಡೆಯಿಂದ ನೋಡಿದರೆ, ತನ್ನ ತೆರಿಗೆದಾರರ ಹಾಸಿಗೆಗಳನ್ನು ತನ್ನವರಿಗೆ ಉಳಿಸಿಕೊಳ್ಳುವ ಕ್ರಮ ಅದು. ಆದರೆ ಗೋವೆಯ ಗೋಡೆ ಕಟ್ಟುತ್ತ ವರ್ಷದಲ್ಲಿ ಎಂಟು ತಿಂಗಳು ಅಲ್ಲೇ ಕಳೆದು, ಮಳೆಗಾಲಕ್ಕೆ ಊರಿಗೆ ಬಂದು ಬಿತ್ತುವವನು ಯಾವ ರಾಜ್ಯದವನು? ಚುನಾವಣಾ ಚೀಟಿ ಶಿಗ್ಗಾವಿಯದು, ಬೆವರು ವಾಸ್ಕೋದ್ದು.

ಮಂಗಳೂರು, ಉಡುಪಿಯ ಕರಾವಳಿ ಕರ್ನಾಟಕದಲ್ಲೇ ಇದೆ, ಅಲ್ಲಿ ಈ ತಕರಾರಿಲ್ಲ. ಮಂಗಳೂರಿನ ವೆನ್ಲಾಕ್ ಆಸ್ಪತ್ರೆ 1848ರಷ್ಟು ಹಳೆಯದು; ಸುತ್ತಲಿನ ಜಿಲ್ಲೆಗಳ ಜೊತೆ ಹಾವೇರಿ, ಕಾಸರಗೋಡಿನ ರೋಗಿಗಳನ್ನೂ ಅದು ನೋಡಿಕೊಳ್ಳುತ್ತದೆ. ಅಲ್ಲಿಯ ಅಡ್ಡಿ ಬೇರೆ ಬಗೆಯದು. 1990ರ ದಶಕದಲ್ಲಿ ಮಂಗಳೂರಿನಲ್ಲಿ ಕಟ್ಟಡಗಳು ಏಳುತ್ತಿದ್ದಂತೆ ಮಲೇರಿಯಾ ಮರಳಿ ಬಂತು. ಕಾಮಗಾರಿಯ ಜಾಗದಲ್ಲಿ ನಿಂತ ನೀರು, ಅಲ್ಲೇ ತಗಡಿನ ಶೆಡ್ಡಿನಲ್ಲಿ ಮಲಗುವ ಕೂಲಿಕಾರರು. ನಗರಪಾಲಿಕೆಯ ಸಿಬ್ಬಂದಿ ಶೆಡ್ಡುಗಳಿಗೆ ಹೋಗಿ ಬೆರಳು ಚುಚ್ಚಿ ರಕ್ತ ತೆಗೆಯುವ ಪದ್ಧತಿ ಬೆಳೆಯಿತು. ಅದು ಬೇಕಾದ ಕೆಲಸವೇ. ಆದರೆ ಅದೇ ಬೆರಳಿನ ರಕ್ತದಲ್ಲಿ ಸಕ್ಕರೆ ಎಷ್ಟಿದೆ ಎಂದು ನೋಡುವ ವಾಡಿಕೆ ಬೆಳೆಯಲಿಲ್ಲ. ಗುಳೆಯವನ ಜ್ವರ ಊರಿಗೆಲ್ಲ ಹರಡೀತೆಂಬ ಭಯವಿದೆ. ಅವನ ರಕ್ತದೊತ್ತಡ ಯಾರಿಗೂ ಅಂಟುವುದಿಲ್ಲ. ಧಾರವಾಡದ ಗೋಡೆಗಳಿಗೆ ಡಿಡಿಟಿ ಹೊಡೆದ ಕಾಲದಿಂದ ಇಂದಿನವರೆಗೆ ಕೂಲಿಕಾರನ ಬಿಡಾರದ ತನಕ ಸರ್ಕಾರ ಹೋದದ್ದು ಹೆಚ್ಚಾಗಿ ಸೋಂಕಿನ ಬೆನ್ನು ಹತ್ತಿಯೇ.

ಸೋಂಕಲ್ಲದ ಕಾಯಿಲೆಗಳೇ ಈಗ ಮುಂದಿವೆ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ 10 ಕೋಟಿಗೂ ಹೆಚ್ಚು ಮಂದಿಗೆ ಸಕ್ಕರೆ ಕಾಯಿಲೆ ಇದೆ. ಇದು ಕುಳಿತು ಉಣ್ಣುವವರ ರೋಗವೆಂಬ ಮಾತು ಹಳತಾಯಿತು. ಸವಣೂರಿನ ತಾಂಡೆಯಿಂದ ಸೆಂಟ್ರಿಂಗ್ ಕೆಲಸಕ್ಕೆ ಹೋಗುವ ನಲವತ್ತೈದರ ಗಂಡಸಿಗೂ, ಅವನ ಜೊತೆ ಬುಟ್ಟಿ ಹೊರುವ ಹೆಂಡತಿಗೂ ಬಿಪಿ ಶುಗರ್ ಬರುತ್ತವೆ. ಬಂದದ್ದು ಗೊತ್ತಾಗುವುದು ಕಾಲಿನ ಗಾಯ ಮಾಯದಿದ್ದಾಗ, ಇಲ್ಲವೇ ಬಿಸಿಲಿನಲ್ಲಿ ತಲೆತಿರುಗಿ ಬಿದ್ದಾಗ.

ಗೊತ್ತಾದ ಮೇಲೆ ಜನ ತಾವೇ ಕಟ್ಟಿಕೊಂಡ ಏರ್ಪಾಡುಗಳು ಹಲವು. ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಗುಳಿಗೆ ಪುಕ್ಕಟೆ. ಕೊಡುವುದು ಸಾಮಾನ್ಯವಾಗಿ ಒಂದು ತಿಂಗಳಿಗೆ. ಊರಲ್ಲಿ ಉಳಿದ ಅವ್ವ ತಿಂಗಳಿಗೊಮ್ಮೆ ಮಗನ ಪುಸ್ತಕ ಹಿಡಿದು ಹೋಗುತ್ತಾಳೆ. ಸಿಕ್ಕ ಗುಳಿಗೆಯನ್ನು ಕೇರಿಯವರು ಯಾರಾದರೂ ಹೊರಟಾಗ ಅವರ ಕೈಗೆ, ಇಲ್ಲದಿದ್ದರೆ ಬಸ್ಸಿನವರ ಕೈಗೆ ಕೊಟ್ಟು ಕಳಿಸುತ್ತಾಳೆ. ಬರುವುದು ತಡವಾದರೆ ದಿನ ಬಿಟ್ಟು ದಿನ ನುಂಗುವುದು, ಗುಳಿಗೆ ಮುರಿದು ಅರ್ಧರ್ಧ ಮಾಡುವುದು, ಗಂಡ ಹೆಂಡತಿ ಇಬ್ಬರಿಗೂ ಬಿಪಿ ಇದ್ದರೆ ಒಂದೇ ಪಟ್ಟಿಯನ್ನು ಹಂಚಿಕೊಳ್ಳುವುದು. ಇನ್ಸುಲಿನ್ ಚುಚ್ಚಿಕೊಳ್ಳುವವರ ಪಾಡು ಇನ್ನೂ ನಾಜೂಕು. ಅದನ್ನು ತಂಪಿನಲ್ಲಿಡಬೇಕು, ತಗಡಿನ ಶೆಡ್ಡಿನಲ್ಲಿ ಫ್ರಿಜ್ ಇಲ್ಲ. ಮಣ್ಣಿನ ಗಡಿಗೆಯಲ್ಲಿ ಹಸಿ ಉಸುಕು ತುಂಬಿ, ಅದರ ನಡುವೆ ಸೀಸೆ ಹುಗಿದು, ದಿನಕ್ಕೆರಡು ಸಲ ನೀರು ಚಿಮುಕಿಸುವ ಉಪಾಯ ಬಲ್ಲವರಿದ್ದಾರೆ. ವೈದ್ಯರೂ ಇದನ್ನು ಒಪ್ಪುತ್ತಾರೆ. ದುಡಿಯುವ ಊರಿನ ಖಾಸಗಿ ಡಾಕ್ಟರ ಹತ್ತಿರ ಹೋದರೆ ಅರ್ಧ ದಿನದ ಕೂಲಿ ಹೋಯಿತು, ಫೀಜು ಬೇರೆ, ಬರೆದುಕೊಡುವ ಗುಳಿಗೆಯೂ ಬೇರೆ. “ಊರಿಗೆ ಹ್ವಾದಮ್ಯಾಲ ತೋರಿಸಿದ್ರಾತು ಬಿಡ್ರಿ” ಎಂಬ ಮಾತು ಹುಟ್ಟುವುದು ಅಲ್ಲಿ. ಊರಿಗೆ ಹೋಗುವುದು ಯುಗಾದಿಗೆ, ಇಲ್ಲವೇ ಕಾರ ಹುಣ್ಣಿಮೆಗೆ.

ಎಚ್‌ಐವಿ ಇರುವವರಲ್ಲಿ ಇದರ ಉಲ್ಟಾ ನಡೆಯುವುದೂ ಉಂಟು. 2004ರಿಂದ ಸರ್ಕಾರ ಪುಕ್ಕಟೆಯಾಗಿ ಎಆರ್‌ಟಿ ಔಷಧ ಕೊಡುತ್ತಿದೆ. ಹತ್ತಿರದ ಕೇಂದ್ರದಲ್ಲಿ ಗುರುತಿನವರು ಸಿಕ್ಕಾರೆಂದು ಕೆಲವರು ಬೇಕೆಂದೇ ದೂರದ ಜಿಲ್ಲೆಯ ಕೇಂದ್ರದಲ್ಲಿ ಹೆಸರು ಹಚ್ಚುತ್ತಾರೆ. ಗುಳೆ ಅವರಿಗೆ ಅಡ್ಡಿಯಲ್ಲ, ಮರೆ.

ಕಾನೂನಿಗೆ ಈ ಜನ ಕಾಣದೇ ಇರಲಿಲ್ಲ. 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ ಪ್ರತಿ ಕೆಲಸಗಾರನಿಗೂ ಗುತ್ತಿಗೆದಾರ ಫೋಟೊ ಅಂಟಿಸಿದ ಪಾಸ್‌ಬುಕ್ ಕೊಡಬೇಕೆಂದಿತು. ಅದು ಹಿಂದಿ, ಇಂಗ್ಲಿಷ್ ಜೊತೆಗೆ ಕೆಲಸಗಾರನ ಭಾಷೆಯಲ್ಲೂ ಇರಬೇಕು. ವೈದ್ಯಕೀಯ ಸೌಲಭ್ಯ ಪುಕ್ಕಟೆ ಇರಬೇಕೆಂದೂ ಬರೆಯಿತು. ಗೋವಾದಲ್ಲಿ ದುಡಿಯುವ ಹಾನಗಲ್ಲಿನವನ ಕೈಯಲ್ಲಿ ಕನ್ನಡದ ಪಾಸ್‌ಬುಕ್ ಇರಬೇಕಿತ್ತು ಎಂದಾಯಿತು. ಮೇಸ್ತ್ರಿಯ ಡೈರಿಯಲ್ಲಿ ಹೆಸರಿದ್ದರೆ ಅದೇ ಹೆಚ್ಚು ಎಂಬ ಸ್ಥಿತಿಯಲ್ಲಿ ಕಾಯ್ದೆಯ ನಲವತ್ತು ವರ್ಷ ಕಳೆದುಹೋಯಿತು. 2020ರಲ್ಲಿ ಸಂಸತ್ತು ಅದರ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆಯನ್ನು ಅಂಗೀಕರಿಸಿತು.

ವಿಮೆಯ ಕಥೆ ಇದಕ್ಕಿಂತ ಮೇಲು, ಆದರೆ ಅರ್ಧ. 2003ರಲ್ಲಿ ಶುರುವಾದ ಯಶಸ್ವಿನಿ ಯೋಜನೆಯಲ್ಲಿ ಸಹಕಾರಿ ಸಂಘದ ಸದಸ್ಯ ಮೊದಲ ವರ್ಷ ಕಟ್ಟಿದ್ದು ತಲೆಗೆ 60 ರೂಪಾಯಿ. ಸಾಲ ಮಾಡದೆ ಶಸ್ತ್ರಕ್ರಿಯೆ ಮಾಡಿಸಿಕೊಂಡ ರೈತ ಕುಟುಂಬಗಳು ನಾಡಿನ ತುಂಬ ಇವೆ. 2008ರ ರಾಷ್ಟ್ರೀಯ ಸ್ವಾಸ್ಥ್ಯ ವಿಮಾ ಯೋಜನೆ ಗುಳೆಯವರಿಗೆಂದೇ ಒಂದು ಜಾಣ ಉಪಾಯ ಮಾಡಿತ್ತು: ಸ್ಮಾರ್ಟ್ ಕಾರ್ಡನ್ನು ಎರಡಾಗಿ ಹಂಚಿ, ಒಂದನ್ನು ದುಡಿಯಲು ಹೋದವನೂ ಇನ್ನೊಂದನ್ನು ಮನೆಯವರೂ ಇಟ್ಟುಕೊಳ್ಳಬಹುದಿತ್ತು. 2018ರಲ್ಲಿ ಆರೋಗ್ಯ ಕರ್ನಾಟಕ ಮತ್ತು ಆಯುಷ್ಮಾನ್ ಭಾರತ ಕೂಡಿಕೊಂಡವು. ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ. ಇವೆಲ್ಲವೂ ಮುಖ್ಯವಾಗಿ ಹಣ ಕೊಡುವುದು ಆಸ್ಪತ್ರೆಯಲ್ಲಿ ಮಲಗಿದವರಿಗೆ. ಮಲಗದಂತೆ ಕಾಯುವ ದಿನದ ಗುಳಿಗೆ ಇದರಲ್ಲಿ ಬರುವುದಿಲ್ಲ. ಪಾರ್ಶ್ವವಾಯು ಹೊಡೆದ ಮೇಲೆ ಲಕ್ಷಗಟ್ಟಲೆ ಖರ್ಚು ಮಾಡಲು ಕಾರ್ಡು ಸಿದ್ಧವಿದೆ. ಅದು ಹೊಡೆಯದಂತೆ ತಡೆಯುವ ಕೆಲವು ರೂಪಾಯಿಯ ಬಿಪಿ ಗುಳಿಗೆ ವಾಸ್ಕೋದ ಶೆಡ್ಡಿಗೆ ತಲುಪುವುದಿಲ್ಲ.

2020ರ ಮಾರ್ಚ್ 25ರಂದು ದೇಶ ಬಾಗಿಲು ಹಾಕಿಕೊಂಡಾಗ ಈ ಕೊರತೆ ಎಲ್ಲರ ಕಣ್ಣಿಗೂ ಬಿತ್ತು. ಬಸ್ಸಿಲ್ಲ, ಅವ್ವ ಕಳಿಸುವ ಪೊಟ್ಟಣವಿಲ್ಲ. ಮರಳಿ ಬಂದವರಿಗೆ ಹಾಸ್ಟೆಲು, ಶಾಲೆಗಳಲ್ಲಿ ಪ್ರತ್ಯೇಕ ವಾಸ. ಅದೇ ಹೊತ್ತಿನಲ್ಲಿ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ ಎಚ್‌ಐವಿ ಇರುವವರಿಗೆ ಮೂರು ತಿಂಗಳ ಔಷಧವನ್ನು ಒಮ್ಮೆಗೇ ಕೊಡಲು ಸೂಚಿಸಿತು. ಆಶಾ ಕಾರ್ಯಕರ್ತೆಯರು ಬಿಪಿ, ಸಕ್ಕರೆ ಗುಳಿಗೆಗಳನ್ನು ಮನೆಮನೆಗೆ ಒಯ್ದರು. ತಿಂಗಳಿಗೊಮ್ಮೆ ಬಂದೇ ತೀರಬೇಕೆಂಬ ನಿಯಮ ಸಡಿಲಿಸಬಹುದಾದದ್ದು ಎಂದು ಸರ್ಕಾರವೇ ತೋರಿಸಿಕೊಟ್ಟಂತಾಯಿತು.

ಹಾವೇರಿಗೆ ತನ್ನದೇ ಸರ್ಕಾರಿ ವೈದ್ಯಕೀಯ ಕಾಲೇಜು ಬಂದದ್ದು 2022ರಲ್ಲಿ, ಹುಬ್ಬಳ್ಳಿಗೆ ಬಂದ 65 ವರ್ಷಗಳ ಮೇಲೆ. ಕೋಲಾರದಲ್ಲಿ 2024ರಲ್ಲಿ ಆರಂಭವಾದ ಗೃಹ ಆರೋಗ್ಯ ಯೋಜನೆ ಬಿಪಿ, ಸಕ್ಕರೆಯ ತಪಾಸಣೆಯನ್ನೂ ಔಷಧವನ್ನೂ ಮನೆಬಾಗಿಲಿಗೆ ಒಯ್ಯುವ ಉದ್ದೇಶದ್ದು. ಮರುವರ್ಷ ಅದು ರಾಜ್ಯಕ್ಕೆಲ್ಲ ವಿಸ್ತರಿಸಿತು. ಎರಡೂ ಸ್ವಾಗತಾರ್ಹ. ಬಾಗಿಲು ತಟ್ಟುವ ಹೊತ್ತಿಗೆ ಬಾಗಿಲಿಗೆ ಬೀಗ ಬಿದ್ದಿರುವ ಮನೆಗಳ ಲೆಕ್ಕವನ್ನೂ ಇಟ್ಟುಕೊಂಡರೆ ಅವು ಇನ್ನೂ ಹೆಚ್ಚು ಉಪಯೋಗಕ್ಕೆ ಬರುತ್ತವೆ.

ಈ ನಾಲ್ಕು ತಾಲ್ಲೂಕುಗಳ ಗುಳೆಗೆ ನಿಶ್ಚಿತ ಋತುವಿದೆ, ನಿಶ್ಚಿತ ದಾರಿಗಳಿವೆ. ಯಾವ ತಾಂಡೆಯವರು ಯಾವ ಊರಿಗೆ ಹೋಗುತ್ತಾರೆ ಎಂಬುದು ಆಶಾ ಕಾರ್ಯಕರ್ತೆಗೆ ಬಾಯಿಪಾಠ. ಸುಗ್ಗಿಯ ನಂತರ, ಗಂಟು ಕಟ್ಟುವ ಮೊದಲು, ಬಿಪಿ ಸಕ್ಕರೆ ಇದ್ದವರಿಗೆಲ್ಲ ಮೂರು ತಿಂಗಳ ಗುಳಿಗೆ ಕೊಡಿ. ಔಷಧದ ಹೆಸರು, ಪ್ರಮಾಣ, ಕೊನೆಯ ತಪಾಸಣೆಯ ಅಂಕಿಗಳನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದ ಒಂದು ಗಟ್ಟಿ ಪುಸ್ತಕ ಜೊತೆಗಿರಲಿ. ಮಂಗಳೂರು, ಉಡುಪಿಯಲ್ಲಿ ಮಲೇರಿಯಾಕ್ಕೆಂದು ಶೆಡ್ಡಿಗೆ ಹೋಗುವವರ ಚೀಲದಲ್ಲಿ ಬಿಪಿ ಯಂತ್ರವೊಂದಿರಲಿ. ಗೋವಾ ಸರ್ಕಾರದ ಜೊತೆ ಮಾತಾಡಿ ಕರ್ನಾಟಕದ ಕಾರ್ಡು ಅಲ್ಲಿಯ ಹೊರರೋಗಿ ವಿಭಾಗದಲ್ಲೂ ನಡೆಯುವಂತೆ ಮಾಡುವುದು ಬೆಂಗಳೂರಿನ ಕೆಲಸ. ಅದಕ್ಕೆ ಸಮಯ ಹಿಡಿಯುತ್ತದೆ. ಮೊದಲಿನ ಮೂರಕ್ಕೆ ಹೊಸ ಕಾನೂನು ಬೇಡ, ಹೊಸ ಕಟ್ಟಡ ಬೇಡ. ಹಾವೇರಿ ಜಿಲ್ಲಾಡಳಿತ ಮನಸ್ಸು ಮಾಡಿದರೆ ಮೂರು ತಿಂಗಳ ಗುಳಿಗೆಯನ್ನು ಈ ಸುಗ್ಗಿಯಿಂದಲೇ ಕೊಡಬಹುದು.